ರೈಟರ ಮಗನ ಮೊದಲ ಇಂಗ್ಲಿಷ್ ಮಾತು

ಕಳೆದ ಭಾನುವಾರ ಮದುವೆಯೊಂದಕ್ಕೆ ಹೊರಟವಳು ರೇಷ್ಮೆ ಸೀರೆ ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಅದು ನಮ್ಮ ಇಂಗ್ಲಿಷ್ ಮಾಷ್ಟ್ರ ಕರಿಕೋಟಿನ ವಾಸನೆ. ವರ್ಷಕ್ಕೆ ಒಂದೋ ಎರಡೋ ಸಲ ಅವರು ಅದನ್ನು ಹಾಕುತ್ತಿದ್ದರು. ಹಾಕಿದ ದಿನ ಇಡೀ ಕ್ಲಾಸು ನಾರುತ್ತಿತ್ತು, ನಾವು ಹುಡುಗಿಯರು ಒಬ್ಬರನ್ನೊಬ್ಬರು ತಿವಿದು ಕಿಸಕ್ಕನೆ ನಗುತ್ತಿದ್ದೆವು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮೂರ ಹೈಸ್ಕೂಲಿನಲ್ಲಿ ಅಪ್ಪ ಗುಮಾಸ್ತನಾಗಿದ್ದ, ನಾನು ಅಲ್ಲೇ ಓದುತ್ತಿದ್ದೆ. ಮಾಷ್ಟ್ರು ಸೋಮವಾರಪೇಟೆ ಕಡೆಯಿಂದ ಬಂದವರು. ಅವರ ಕೆಲಸ ಇನ್ನೂ ತಾತ್ಕಾಲಿಕ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಸರಿ ಎಂದರೆ ಖಾಯಂ, ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು. ಇದು ಶಾಲೆಯ ಆಫೀಸಿಗೂ ನಮ್ಮ ಮನೆಗೂ ಮಾತ್ರ ಗೊತ್ತಿತ್ತು. ಬಾಡಿಗೆ ಮನೆಯ ಹಿತ್ತಲಲ್ಲಿ ಅವರ ಹೆಂಡತಿ ಬದನೆ, ಬೆಂಡೆ ಹಾಕಿಕೊಂಡಿದ್ದರು. ‘ಇವರ್ದೊಂದು ಖಾಯಂ ಆಗ್ಲಿ, ಒಂದು ಎಮ್ಮೆ ಕಟ್ಕೋತೀನಿ’ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು.

ಇಂಗ್ಲಿಷಿನಲ್ಲಿ ಎರಡು ಪದ ಜೋಡಿಸಿಕೊಂಡು ನಡೆಯುವ ಕ್ರಿಯಾಪದಗಳಿವೆಯಲ್ಲ, ಪುಟ್ ಔಟ್, ಟೇಕ್ ಡೌನ್ ಅಂಥವು, ಅವನ್ನು ಪ್ಯಾಸಿವ್ ವಾಯ್ಸಿಗೆ ತಿರುಗಿಸುವುದೆಂದರೆ ನಮಗೆ ಜ್ವರ ಬರುತ್ತಿತ್ತು. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಎಸ್ಟೇಟಿನಲ್ಲಿ ತಮಿಳು. ಇವುಗಳಲ್ಲಿ ಯಾವುದರಲ್ಲೂ ನಾವು ‘ದೀಪ ಆರಿಸಲ್ಪಟ್ಟಿತು’ ಎಂದವರಲ್ಲ. ಯಾರು ಆರಿಸಿದರೋ ಅವರ ಹೆಸರು ಹಿಡಿದು ಬೈಯುವ ಜನ ನಾವು.

ಮಾಷ್ಟ್ರು ಅದಕ್ಕೊಂದು ಉಪಾಯ ಮಾಡಿದ್ದರು. ಒಬ್ಬರನ್ನು ಕರೆದು ಗೋಡೆಯ ಮ್ಯಾಪು ಇಳಿಸಲು ಹೇಳುವರು. ಇಳಿಸಿದವರು ಕೂಡಲೇ ಬಾಗಿಲು ದಾಟಿ ಜಗಲಿಗೆ ಹೋಗಬೇಕು. ‘ಮಾಡ್ದೋನು ಹೋದ. ಆಗಿರೋ ಕೆಲಸ ಮಾತ್ರ ಇಲ್ಲಿದೆ. ಈಗ ಹೇಳ್ರೋ!’ ಎನ್ನುವರು. ನಾವು ‘ದಿ ಮ್ಯಾಪ್ ವಾಸ್ ಟೇಕನ್ ಡೌನ್’ ಎಂದು ಕೂಗಬೇಕು. ಯಾರಾದರೂ ‘ಡೌನ್’ ನುಂಗಿದರೆ ಮುಗಿಯಿತು, ಮೇಜು ಗುದ್ದಿ ‘ಅಯ್ಯಯ್ಯೋ, ಮ್ಯಾಪು ಕದ್ಕೊಂಡು ಹೋದ್ರಲ್ರೋ! ಬಾಲ ಸೇರಿಸ್ರೋ!’ ಎಂದು ಅರಚುವರು. ಪಾಠ ಮುಗಿಯುವಷ್ಟರಲ್ಲಿ ಜಗಲಿಯಲ್ಲಿ ಐದಾರು ಜನ ಸೇರಿರುತ್ತಿದ್ದರು. ಅವರೂ ಕಿಟಕಿಯ ಸರಳಿಗೆ ಮುಖ ಒತ್ತಿ ನಮ್ಮ ಜೊತೆ ಕೂಗುತ್ತಿದ್ದರು. ಹೊರಗೆ ಹೋಗಲು ನಮ್ಮಲ್ಲಿ ಜಗಳವೇ ಆಗುತ್ತಿತ್ತು...

ಒಬ್ಬ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ರೈಟರ ಮಗ ಎಂದೇ ನಾವು ಅವನನ್ನು ಕರೆಯುತ್ತಿದ್ದುದು. ಅವನ ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಅಲ್ಲಿನ ಬಿಳಿ ದೊರೆಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಮನುಷ್ಯ. ಮಗನಿಗೆ ಇಂಗ್ಲಿಷ್ ಬಾರದ್ದು ತನಗೇ ಅವಮಾನವೆಂದು ಹಿಡಿದು ಹೊಡೆಯುತ್ತಿದ್ದ. ಈ ವರ್ಷ ಫೇಲಾದರೆ ಶಾಲೆ ಬಿಡಿಸಿ ಕಾಫಿಹಣ್ಣು ಕೊಯ್ಯುವ ಪಿಕಿಂಗಿಗೆ ಹಾಕುತ್ತೇನೆಂದು ಶಾಲೆಯ ಅಂಗಳದಲ್ಲೇ ನಿಂತು ಕೂಗಾಡಿ ಹೋಗಿದ್ದ. ಅಂದಿನಿಂದ ಹುಡುಗನಿಗೆ ಇಂಗ್ಲಿಷ್ ಪುಸ್ತಕ ತೆರೆದರೆ ಸಾಕು, ತುಟಿ ಅದುರುತ್ತಿತ್ತು. ಮಾಷ್ಟ್ರು ಅವನನ್ನು ಗದರಿದ್ದು ನಾನು ಕಾಣೆ. ದಿನವೂ ಮೊದಲು ಅವನನ್ನೇ ಕರೆದು, ಏನಾದರೊಂದು ಕೆಲಸ ಮಾಡಿಸಿ, ಜಗಲಿಗೆ ಕಳಿಸುತ್ತಿದ್ದರು. ‘ಕೇಳಿಸ್ಕೋ ಸಾಕು ಮಗ, ತಾನಾಗೇ ಬರುತ್ತೆ’ ಎನ್ನುತ್ತಿದ್ದರು.

ಇನ್‌ಸ್ಪೆಕ್ಟರು ಬರುವ ದಿನ ಮಾಷ್ಟ್ರು ಕೋಟು ಹಾಕಿದ್ದರು. ಸಾಹೇಬರು ಬರುವುದು ಮಧ್ಯಾಹ್ನ ಎಂದಿದ್ದರು, ಬೆಳಿಗ್ಗೆಯೇ ಜೀಪು ಬಂದು ನಿಂತಿತು. ನಮ್ಮ ಪಾಠ ಆಗ ಅರ್ಧ ಆಗಿತ್ತು. ಸಾಹೇಬರು ಜಗಲಿ ಹತ್ತಿ ಬಂದರೆ ಕಂಡದ್ದೇನು? ಕ್ಲಾಸಿನ ಹೊರಗೆ ಸಾಲಾಗಿ ಮಕ್ಕಳು. ಎಲ್ಲರಿಗಿಂತ ಮುಂದೆ ರೈಟರ ಮಗ.

‘ವೈ ಆರ್ ಯು ಔಟ್‌ಸೈಡ್?’ ಎಂದು ಗುಡುಗಿದರು. ಯಾಕೆ ಹೊರಗೆ ನಿಂತಿದ್ದೀರಿ ಎಂದು.

ಒಳಗೆ ನಾವೆಲ್ಲ ಕಿಟಕಿಯತ್ತ ತಿರುಗಿದೆವು.

‘ವೀ ವರ್ ಸೆಂಟ್ ಔಟ್, ಸರ್’ ಎಂದ ರೈಟರ ಮಗ. ನಮ್ಮನ್ನು ಹೊರಗೆ ಕಳಿಸಲಾಗಿದೆ ಎಂದು. ತಡವರಿಸಲಿಲ್ಲ, ಬಾಲವನ್ನೂ ಬಿಡಲಿಲ್ಲ.

‘ಬೈ ಹೂಮ್?’ ಯಾರು ಕಳಿಸಿದ್ದು?

‘ಬೈ ಅವರ್ ಮಾಸ್ಟರ್, ಸರ್!’

ಅಯ್ಯೋ ದೇವರೇ... ಅಷ್ಟು ಚೆಂದದ ಇಂಗ್ಲಿಷನ್ನು ನಮ್ಮ ಕ್ಲಾಸಿನ ಜಾಣರೂ ಆಡಿದವರಲ್ಲ. ಮಾಷ್ಟ್ರಿಗೆ ಸಾಹೇಬರು ಕಾಣಿಸಲೇ ಇಲ್ಲ. ಓಡಿಹೋಗಿ ಹುಡುಗನ ಬೆನ್ನು ತಟ್ಟಿ, ‘ಹೇಳ್ಬಿಟ್ಟ! ಹೇಳ್ಬಿಟ್ಟ ಕಣ್ರೋ!’ ಎಂದು ಕುಣಿದಾಡಿಬಿಟ್ಟರು. ಸಾಹೇಬರ ಮುಖ ಕೆಂಡವಾಯಿತು. ಮಕ್ಕಳನ್ನು ಕ್ಲಾಸಿನಿಂದ ಹೊರಗೆ ಹಾಕಿದ್ದು ಸಾಲದೆಂದು ತನ್ನೆದುರೇ ಗೇಲಿ ಮಾಡುತ್ತಿದ್ದಾನೆ ಎಂದುಕೊಂಡರೋ ಏನೋ.

ಮುಂದಿನದ್ದನ್ನು ಸಂಜೆ ಅಪ್ಪ ಮನೆಗೆ ಬಂದು ಹೇಳಿದ. ಆಫೀಸಿನಲ್ಲಿ ಮಾಷ್ಟ್ರು ತಮ್ಮ ಪಾಠದ ರೀತಿಯನ್ನು ವಿವರಿಸಲು ಹೋದರೆ ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಹೊರಗೆ ಹಾಕಿದ್ದಾರೆಂದು ಮಕ್ಕಳೇ ಹೇಳಿದ ಮೇಲೆ ನಿಮ್ಮ ಕತೆ ಯಾಕೆ ಎಂದು ಎದ್ದು ಪ್ರವಾಸಿ ಬಂಗಲೆಗೆ ಹೋದರಂತೆ. ಆಗ ಹೆಡ್‌ಮಾಷ್ಟ್ರು ಒಂದು ದಾರಿ ತೋರಿಸಿದರು. ‘ಆ ಹುಡುಗನ್ನ ಬಂಗಲೆಗೆ ಕರ್ಕೊಂಡು ಹೋಗಿ. ನಂಗೆ ಇಂಗ್ಲಿಷ್ ಬರೂದಿಲ್ಲ ಸರ್, ಹೆದರಿ ಬಾಯಿಗೆ ಬಂದದ್ದು ಹೇಳಿದೆ, ತಪ್ಪಾಯ್ತು ಅಂತ ಹೇಳ್ಲಿ. ನಿಮ್ಮ ಕೆಲಸ ಉಳೀತದೆ.’

ಮಾಷ್ಟ್ರು ಒಪ್ಪಲಿಲ್ಲ. ‘ಮೊದಲ್ನೇ ಸಲ ಬಾಯಿ ಬಿಟ್ಟವ್ನೆ ಸಾರ್. ಸರಿಯಾಗೇ ಹೇಳವ್ನೆ. ಅದು ತಪ್ಪು ಅಂತ ಅವನ ಬಾಯಲ್ಲೇ ನಾನು ಹೇಳಿಸ್ಲಾ? ಆಮೇಲೆ ಅವನು ಮಾತಾಡ್ತಾನಾ?’ ಎಂದರಂತೆ.

‘ಮಾಷ್ಟ್ರಿಗೆ ತಲೆ ಕೆಟ್ಟುಟ್ಟು’ ಎಂದು ಅರೆಭಾಷೆಯಲ್ಲೇ ಗೊಣಗಿ ಅಪ್ಪ ಹಣೆ ಚಚ್ಚಿಕೊಂಡ. ಅಮ್ಮ ಮಾಷ್ಟ್ರ ಮನೆಯ ಕಡೆ ಹೋದಳು.

ತಿಂಗಳು ತುಂಬುವುದರೊಳಗೆ ಮಾಷ್ಟ್ರನ್ನು ಕೆಲಸದಿಂದ ತೆಗೆದ ಆರ್ಡರು ಬಂತು. ಬಸ್ಸಿನ ಹತ್ತಿರ ನಾನು ಹೋಗಿದ್ದೆ. ಅವರ ಹೆಂಡತಿ ಆಗಲೇ ಒಳಗೆ ಕೂತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾಷ್ಟ್ರು ಬಸ್ಸಿನ ಮೇಲೆ ಹಾಸಿಗೆ ಸುರುಳಿ ಹಾಕಿಸಿ ಬಂದು, ‘ರೈಟರ ಮಗನಿಗೆ ಇದ್ಯಾವ್ದೂ ಗೊತ್ತಾಗ್ಬಾರ್ದು ಕಣಮ್ಮ. ನಿಮ್ಮಪ್ಪಂಗೂ ಹೇಳು’ ಎಂದರು. ನಾನು ಆಯಿತು ಎಂದೆ. ಹದಿನೈದರ ಹುಡುಗಿ, ಇನ್ನೇನು ಹೇಳಲಿ?

ಕೆಲವು ವರ್ಷಗಳ ಮೇಲೆ ಸೋಮವಾರಪೇಟೆಯ ಸಂತೆಯಲ್ಲಿ ಒಮ್ಮೆ ಸಿಕ್ಕಿದರು. ಭಾವಮೈದುನನ ಅಂಗಡಿಯಲ್ಲಿ ಏಲಕ್ಕಿ ತೂಗುತ್ತಿದ್ದರು. ಮತ್ತೆಲ್ಲೂ ಪಾಠದ ಕೆಲಸ ಸಿಗಲಿಲ್ಲವಂತೆ. ನನ್ನ ಕ್ಷೇಮವನ್ನೂ ಕೇಳಲಿಲ್ಲ, ‘ರೈಟರ ಮಗ ಪಾಸಾದ್ನಾ?’ ಎಂದರು. ಇಂಗ್ಲಿಷಿನಲ್ಲೇ ಅವನಿಗೆ ಹೆಚ್ಚು ಮಾರ್ಕು ಎಂದೆ. ‘ಹೌದಾ... ಹೌದಾ...’ ಎಂದು ತಕ್ಕಡಿ ಕೆಳಗಿಟ್ಟರು. ಅಷ್ಟರಲ್ಲಿ ಗಿರಾಕಿ ಕರೆದ. ನಾನೂ ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ. ಇನ್ನೊಂದು ಬಸ್ಸಿಗೆ ಹೋದರೆ ನನ್ನ ಗಂಟೇನು ಹೋಗುತ್ತಿತ್ತು! ಅದೇ ಕೊನೆ. ಮುಂದೆ ಯಾವಾಗಲೋ ಅವರು ತೀರಿಹೋದ ಸುದ್ದಿ ಬಂತು.

ಕಳೆದ ಭಾನುವಾರದ ಆ ಮದುವೆಯ ಪಂಕ್ತಿಯಲ್ಲಿ ರೈಟರ ಮಗ ನನ್ನ ಪಕ್ಕದಲ್ಲೇ ಕೂತ. ಎಸ್ಟೇಟ್ ಮ್ಯಾನೇಜರಾಗಿ ರಿಟೈರಾದವನು, ಈಗ ಕೋಲು ಹಿಡಿದು ನಡೆಯುತ್ತಾನೆ. ಎದುರಿಗಿದ್ದ ಹುಡುಗರಿಗೆ ತಾನು ಇನ್‌ಸ್ಪೆಕ್ಟರಿಗೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಕತೆ ಹೇಳಿದ. ಎಲ್ಲ ಮದುವೆಯಲ್ಲೂ ಹೇಳುತ್ತಾನೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಕಡೆ ಬಾಗಿ ದನಿ ತಗ್ಗಿಸಿದ.

‘ಆದ್ರೂ ನಂಗೆ ಆ ಮಾಷ್ಟ್ರ ಮೇಲೆ ಬೇಜಾರುಂಟು ನೋಡು. ನನ್ನ ಬೆನ್ನು ತಟ್ಟಿ ಒಂದು ತಿಂಗಳಾಗ್ಲಿಲ್ಲ, ಒಂದು ಮಾತೂ ಹೇಳದೆ ಬಿಟ್ಟು ಹೋದ್ರು. ಎಲ್ಲೋ ಹೆಚ್ಚು ಸಂಬಳ ಸಿಕ್ಕಿರ್ಬೇಕು, ಅಲ್ವಾ?’

ನಿಜ ನಾಲಿಗೆಯ ತುದಿಯವರೆಗೆ ಬಂತು. ಅಪ್ಪ ಅಮ್ಮ ಇಲ್ಲ, ಹೆಡ್‌ಮಾಷ್ಟ್ರಿಲ್ಲ, ಊರಲ್ಲಿ ಗೊತ್ತಿರುವವಳು ಈಗ ನಾನೊಬ್ಬಳೇ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಇಷ್ಟು ವಯಸ್ಸಾದ ಮೇಲೂ ಅದೇ ಹುಡುಗನ ಕಣ್ಣು.

‘ಸಿಕ್ಕಿರಬಹುದು’ ಎಂದೆ.

ಹಾಗೆ ನನ್ನ ಬಾಯಿಂದಲೇ ಮಾಷ್ಟ್ರನ್ನು ಸಂಬಳಕ್ಕೆ ಆಸೆಪಟ್ಟು ಹೋದವರನ್ನಾಗಿ ಮಾಡಿದೆ. ಪಾಯಸ ಬಡಿಸಲು ಬಂದರು, ನಾನು ಎಲೆಗೆ ಕೈ ಅಡ್ಡ ಹಿಡಿದೆ.