ಎಮ್ಮೆಗೆ ಕೇಳಿದ ಸಾರಿ

ಹೋದ ಬುಧವಾರ ಬೆಳಿಗ್ಗೆ ಏಳಕ್ಕೆ ನಾನು ಒಂದು ಎಮ್ಮೆಗೆ ಸಾರಿ ಕೇಳಿದೆ. ಅದೂ ಕೈಮುಗಿದು. (ನಗಬೇಡಿ, ಇಡೀ ಲೇಔಟ್ ಆಗಲೇ ನಕ್ಕು ಮುಗಿಸಿದೆ.)

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ನನಗೇ ಈ ಗತಿ ಯಾಕೆ ಬಂತು? ಹೇಳುತ್ತೇನೆ, ತಾಳಿ.

ಗೋಕಾಕದಲ್ಲಿ ನಮ್ಮ ಮನೆಯ ಪಕ್ಕ ಒಂದು ಖಾಲಿ ಸೈಟು. ಅದರಾಚೆಯ ಬಾಡಿಗೆ ಮನೆಗೆ ದೀಪಾವಳಿ ಆದ ಮೇಲೆ ಕಲ್ಲವ್ವ ಬಂದಳು. ಅಂಕಲಗಿ ಕಡೆಯ ಹಳ್ಳಿಯವಳು. ಮಗಳನ್ನು ಇಲ್ಲಿ ಕಾಲೇಜಿಗೆ ಹಾಕಿದ್ದಾಳೆ, ಗಂಡ ಟೆಂಪೋ ಓಡಿಸುತ್ತಾನೆ. ಆ ಟೆಂಪೋದಿಂದ ಫ್ರಿಜ್ ಇಳಿಯಿತು, ಟ್ರಂಕು ಇಳಿಯಿತು, ಕೊನೆಗೆ ಒಂದು ಗಬ್ಬದ ಎಮ್ಮೆಯೂ ಇಳಿಯಿತು. ಸೈಟಿನಲ್ಲಿ ಗೂಟ ಹೊಡೆದು ಕಟ್ಟಿದರು.

ಎಮ್ಮೆ ಅಂದ ಮೇಲೆ ಸೆಗಣಿ, ಸೆಗಣಿ ಅಂದ ಮೇಲೆ ನೊಣ. ಒಂದು ನೊಣ ನನ್ನ ಉಪ್ಪಿಟ್ಟಿನ ಮೇಲೆ ಕೂತ ದಿನ ಪಿತ್ತ ನೆತ್ತಿಗೇರಿತು. ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದೇ ಬಿಟ್ಟೆ: "ಇದು ಲೇಔಟೋ, ದನದ ಹಟ್ಟಿಯೋ? ಹಳ್ಳಿ ಬಿಟ್ಟು ಬರುವವರು ಹಳ್ಳಿಯನ್ನೂ ಹೊತ್ತು ತರಬೇಕೆ?"

ಪಟಪಟ ಹೆಬ್ಬೆರಳುಗಳು ಬಿದ್ದವು. (ಗ್ರೂಪಿನಲ್ಲಿ ಯಾರ್ಯಾರಿದ್ದಾರೆ ಅಂತ ನೋಡುವ ಪುರುಸೊತ್ತು ಯಾರಿಗಿದೆ?) ಸೈಟಿನ ಮಾಲಕರೂ ಓದಿದರು. ತಿಂಗಳ ಕೊನೆಯೊಳಗೆ ಎಮ್ಮೆ ತೆಗೆಯಬೇಕೆಂದು ಕಲ್ಲವ್ವನಿಗೆ ಹೇಳಿಕಳಿಸಿದರು. "ಎಮ್ಮಿ ಹ್ವಾದ್ರ ನಾವೂ ಹೋಗೂದ" ಅಂದಳಂತೆ. ನಾನು ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಎಮ್ಮೆ ಈಯಿತು.

ಮರುದಿನ ಕಲ್ಲವ್ವ ನಮ್ಮ ಬಾಗಿಲಲ್ಲಿ. ಕೈಯಲ್ಲಿ ತಂಬಿಗೆ.

"ಅಕ್ಕಾರ, ಗಿಣ್ಣದ ಹಾಲ ತಂದೀನ್ರಿ. ಬೆಲ್ಲ ಯಾಲಕ್ಕಿ ಹಾಕಿ ಮಾಡ್ರಿ."

ಬೇಡ ಅನ್ನಲು ಬಾಯಿ ಬರಲಿಲ್ಲ. ಗಿಣ್ಣ ಮಾಡಿದೆ. ನಮ್ಮ ಮನೆಯವರು ಅರ್ಧ ಪಾತ್ರೆ ಮುಗಿಸಿದರು. ನಾನೂ ತಿಂದೆ. ಎರಡು ಸಲ. ಗಿಣ್ಣದ ಮೇಲೆ ನನಗೇನು ಸಿಟ್ಟು?

ತಂಬಿಗೆ ಖಾಲಿ ಕೊಡಬಾರದು, ಅಷ್ಟು ರೀತಿ ನನಗೂ ಗೊತ್ತು. ಲಿಕ್ವಿಡ್ ಸೋಪು ಹಾಕಿ, ಬಿಸಿನೀರಿನಲ್ಲಿ ಗಸಗಸ ತಿಕ್ಕಿ, ಮುಖ ಕಾಣುವಂತೆ ಬೆಳಗಿ, ಒಳಗೆ ನಾಲ್ಕು ತುಂಡು ಕರದಂಟು ಇಟ್ಟು ಕೊಟ್ಟೆ. ಕಲ್ಲವ್ವ ಮೂಸಿ ನೋಡಿದಳು. ಮುಖ ಬಾಡಿತು.

"ಅಯ್ಯ ಅಕ್ಕಾರ! ತೊಳದ್ರೇನ್ರಿ?"

"ಮತ್ತ ತೊಳೀದ ಕೊಡೂದೇನವಾ? ನಿಂಬಿಹಣ್ಣಿನ ಸೋಪ ಐತಿ!"

"ಗಿಣ್ಣದ ತಂಬಿಗಿ ತೊಳಿಬಾರ್ದ್ರಿ! ಎಮ್ಮಿ ಹಾಲ ಬತ್ತತಾವ."

ನಾನು ನಕ್ಕೆ. ತಂಬಿಗೆಗೂ ಕೆಚ್ಚಲಿಗೂ ಏನು ಸಂಬಂಧ ಅಂತ ನಿಂತಲ್ಲೇ ಐದು ನಿಮಿಷ ಪಾಠ ಮಾಡಿದೆ.

ಎಮ್ಮೆ ಆ ಪಾಠ ಕೇಳಿರಲಿಲ್ಲ. ಮರುದಿನ ಹಿಂಡಲು ಕೂತರೆ ಒದೆಯಿತು. ಒಂದು ತೊಟ್ಟು ಹಾಲಿಲ್ಲ. ಅದರ ಮರುದಿನವೂ ಇಲ್ಲ.

ಈಗ ಮಜಾ ನೋಡಿ. ನನ್ನ ಮೆಸೇಜಿಗೆ ಹೆಬ್ಬೆರಳು ಒತ್ತಿದವರಲ್ಲಿ ಅರ್ಧ ಮಂದಿ ಅದೇ ಎಮ್ಮೆಯ ಹಾಲಿಗೆ ಮೊದಲೇ ಹೇಳಿಟ್ಟಿದ್ದರಂತೆ! ಪಾಕೀಟಿನ ಹಾಲು ಬೇಸರವಾಗಿತ್ತಂತೆ. ಒಬ್ಬೊಬ್ಬರೇ ನನ್ನ ಗೇಟಿಗೆ ಬಂದರು. "ಏನ್ರಿ ಟೀಚರ, ಗಿಣ್ಣದ ತಂಬಿಗಿ ಯಾರರ ತೊಳಿತಾರೇನ್ರಿ?"

ಎಲ್ಲರಿಗೂ ಗೊತ್ತಿತ್ತು! ಕೆದಕಿದರೆ ಒಬ್ಬರ ಮೂಲ ಮೂಡಲಗಿ ಕಡೆಯ ಹಳ್ಳಿ, ಇನ್ನೊಬ್ಬರದು ಹುಕ್ಕೇರಿ ಕಡೆಯದು. ಎಲ್ಲರೂ ಒಂದಲ್ಲ ಒಂದು ಟೆಂಪೋದಿಂದ ಇಳಿದವರೇ. ಎಮ್ಮೆ ಮಾತ್ರ ತಂದಿರಲಿಲ್ಲ, ಅಷ್ಟೇ.

"ನನಗೂ ಗೊತ್ತಿತ್ತ," ಅಂದರು ನಮ್ಮ ಮನೆಯವರು, ಸೋಫಾದಿಂದ ಏಳದೆ.

"ಮತ್ತ ಯಾಕ ಹೇಳ್ಲಿಲ್ಲ?"

"ನೀ ತಿಕ್ಕಾಕತ್ತಾಗ ಬಾಜೂ ಬರಾಕ ಅಂಜಿಕಿ ಬರತೈತಿ."

ಕೊನೆಗೆ ನಾನೇ ಹೋಗಿ ಕಲ್ಲವ್ವನನ್ನು ಕೇಳಿದೆ. ಈಗೇನು ಮಾಡಬೇಕು? ಆಕೆ ತುಸು ಯೋಚಿಸಿದಳು. "ಎಮ್ಮಿ ಮುಂದ ನಿಂತು ತಪ್ಪಾತು ಅನ್ರಿ. ಅದಕ್ಕೂ ಮನಸ ಇರತೈತಿ."

ಹಾಗಾಗಿ ಬುಧವಾರ, ಬೆಳಿಗ್ಗೆ ಏಳು. ಎಮ್ಮೆ ಮೆಲುಕು ಹಾಕುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ತಪ್ಪಾತವಾ" ಅಂದೆ. "ಜೋರಾಗಿ ಅನ್ರಿ" ಅಂದಳು ಕಲ್ಲವ್ವ. ಜೋರಾಗಿ ಅಂದೆ. ಎಮ್ಮೆ ಗೂಟದ ಸುತ್ತ ತಿರುಗಿ ನಿಂತು, ಬಾಲ ಬೀಸಿ ನನ್ನ ಸೀರೆಗೆ ಸೆಗಣಿ ಬಳಿಯಿತು. ಸುತ್ತಲಿನ ಮನೆಗಳ ಗ್ಯಾಲರಿಗಳಲ್ಲಿ ಚಪ್ಪಾಳೆ ಬಿತ್ತು. ನಾಚಿಕೆಯಿಂದ ಸತ್ತೆ.

ಸಂಜೆ ಎಮ್ಮೆ ಹಾಲು ಕೊಟ್ಟಿತು. (ವಿಜ್ಞಾನ ಏನನ್ನುತ್ತದೆ? ಈದ ಗಾಬರಿ ಇಳಿದಿರಬೇಕು ಅನ್ನುತ್ತದೆ. ಆದರೆ ನಾನು ಬಾಯಿ ಬಿಡಲಿಲ್ಲ.)

ಕಲ್ಲವ್ವ ಮತ್ತೆ ಅದೇ ತಂಬಿಗೆಯಲ್ಲಿ ಹಾಲು ತಂದಳು. ನನಗೆ ನಿಜಕ್ಕೂ ಹಗುರಾಯಿತು. "ಸಾರಿ ಕೇಳಿದ್ನಲ್ಲವಾ, ಇನ್ನ ಎಲ್ಲಾ ಮುಗೀತಲ್ಲ?" ಅಂದೆ.

ಆಕೆ ಸೊಂಟದ ಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. ನಮ್ಮ ಲೇಔಟಿನ ಗ್ರೂಪು. ನನ್ನ ಮೆಸೇಜು. ಅದರ ಕೆಳಗೆ ಅಷ್ಟೂ ಹೆಬ್ಬೆರಳುಗಳು.

"ತಿಂಗಳ ಮುಗಿಯಾಕ ಇನ್ನ ಆರ ದಿನ ಐತ್ರಿ," ಅಂದಳು. "ಮತ್ತ ಎಮ್ಮಿ ಈ ಗ್ರೂಪಿನ್ಯಾಗ ಇಲ್ರಿ ಅಕ್ಕಾರ. ನಾ ಅದೀನಿ."