ಅಮ್ಮನ ಹೆಬ್ಬೆರಳಿನ ಗಂಟು

ಅಮ್ಮನ ಮಂಡಿ ಆಪರೇಷನ್ನಿಗೆ ಎಲ್ಲ ಸಿದ್ಧವಾಗಿತ್ತು. ಆಗ ಹೆಬ್ಬೆರಳು ತಕರಾರು ತೆಗೆಯಿತು.

ಮಂಡಿಯ ಮೂಳೆಗಳ ನಡುವಿನ ಮೆತ್ತೆ ಪೂರಾ ಸವೆದುಹೋಗಿತ್ತು. ಬಸವನಗುಡಿಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅಮ್ಮ ಗೋಡೆಯನ್ನೂ ದೇವರನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತಿದ್ದಳು. ಗೋಗರೆದು ಗೋಗರೆದು ಆಸ್ಪತ್ರೆಗೆ ಕರೆತಂದಿದ್ದೆ.

ಆ ಬೆಳಿಗ್ಗೆ ನರ್ಸ್ ಬಂದು ಕೈ ನೋಡಿದಳು. "ಅಮ್ಮ, ಬಳೆ ಹಾಕ್ಕೊಂಡು ಥಿಯೇಟರ್ ಒಳಗೆ ಬರೋ ಹಾಗಿಲ್ಲ. ತೆಗೆಯೋಕೆ ಬರ್ಲಿಲ್ಲ ಅಂದ್ರೆ ಒಡೆದುಬಿಡೋಣ."

ಹಸಿರು ಗಾಜಿನ ಬಳೆ ಒಡೆಯುವುದೆಂದರೆ ಗಂಡನ ಆಯುಸ್ಸಿಗೇ ಕೈ ಹಾಕಿದಂತೆ ಎಂದು ಅಮ್ಮನ ನಂಬಿಕೆ. "ಒಡೆಯೋದು ಗಿಡೆಯೋದು ಬೇಡ. ನಮ್ಮನೆಯವರು ಇಲ್ಲೇ ಕೂತಿದಾರೆ" ಎಂದು ಪೇಪರ್ ಓದುತ್ತಿದ್ದ ಅಪ್ಪನನ್ನು ತೋರಿಸಿದಳು.

"ಒಡೆದ್ರೆ ನಾನೇನೂ ಸಾಯಲ್ಲ ಕಣೇ" ಎಂದರು ಅಪ್ಪ.

"ನೀವು ಸುಮ್ನಿರಿ, ನಿಮಗೇನು ಗೊತ್ತಾಗತ್ತೆ."

ಸೋಪು ಹಚ್ಚಿ ನಾನು ಎಳೆದೆ. ಬಳೆ ಹೆಬ್ಬೆರಳಿನ ಬುಡದ ಗಂಟಿನವರೆಗೆ ಬಂದು ನಿಂತಿತು. ಬಳೇಪೇಟೆಯಲ್ಲಿ ತೊಡಿಸಿಕೊಂಡಾಗ ಅಂಗೈಯೊಳಗೆ ಸಲೀಸಾಗಿ ಮಡಚಿಕೊಂಡಿದ್ದ ಬೆರಳು ಈಗ ಸೆಟೆದು ನಿಂತಿತ್ತು. ಎಳೆದಷ್ಟೂ ಅಮ್ಮ ಮುಷ್ಟಿ ಬಿಗಿದಳು. "ಮಂಡಿ ಹೀಗೇ ಇರ್ಲಿ, ಮನೆಗೆ ಹೋಗೋಣ ನಡಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಇವತ್ತು ಎದ್ದು ಹೋದರೆ ಈಕೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಗೊತ್ತಿತ್ತು.

ಅಪ್ಪ ಪೇಪರ್ ಮಡಚಿಟ್ಟು ಬಂದು ಮಂಚದ ಮೇಲೆ ಕೂತರು. ನಾಲ್ಕು ಜನರೆದುರು ಹೆಂಡತಿಯ ಪಕ್ಕ ನಿಲ್ಲಲೂ ನಾಚುವ ಮನುಷ್ಯ, ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳ ಕೈ ನೀವತೊಡಗಿದರು. ಮಣಿಕಟ್ಟು, ಬೆರಳುಗಳ ಸಂದು, ಆಮೇಲೆ ಆ ಹಟಮಾರಿ ಗಂಟು.

"ಬಿಡ್ರಿ, ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಭಯ ಆಗ್ತಿದ್ಯಾ?"

ಅಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ "ಹ್ಞೂಂ" ಎಂದಳು.

"ನನಗೂ ಆಗ್ತಿದೆ" ಎಂದರು ಅಪ್ಪ.

ಅಮ್ಮ ಅವರ ಮುಖವನ್ನೇ ನೋಡಿದಳು. ಮುಷ್ಟಿ ತಾನಾಗಿ ಸಡಿಲವಾಯಿತು. ಹೆಬ್ಬೆರಳು ಅಂಗೈಯೊಳಕ್ಕೆ ಬಾಗಿತು, ಬಳೆಗಳು ಒಂದೊಂದಾಗಿ ಜಾರಿ ಅಪ್ಪನ ಮಡಿಲಿಗೆ ಬಿದ್ದವು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಎರಡೂ ಕೈ ಖಾಲಿಯಾದವು. ಗಾಲಿಮಂಚ ಬಾಗಿಲಿಗೆ ಬಂತು. ಅಪ್ಪ ಇನ್ನೂ ಕೈ ಹಿಡಿದೇ ಇದ್ದರು.

"ಸರ್, ಕೈ ಬಿಡಿ, ಟೈಮಾಯ್ತು" ಎಂದಳು ನರ್ಸ್.

"ಸ್ವಲ್ಪ ಇರಮ್ಮ" ಎಂದಳು ಅಮ್ಮ. "ಅವರಿಗೆ ಭಯ ಆಗಿದೆ."