ಎತ್ತನ್ನು ನೋಡುವಂತೆ ನೋಡಿದ ಗಾಡಿ

ಆ ಭಾನುವಾರ ಬೆಳಗ್ಗೆಯೂ ನಾನು ಎದ್ದು ಮೊದಲು ಮಾಡಿದ ಕೆಲಸ, ಮಗಳ ಕಾಲಿನ ಕಬ್ಬಿಣದ ಪಟ್ಟಿಯ ತಿರುಪುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟದ್ದು. ಹೊಲಿಗೆ ಯಂತ್ರಕ್ಕೆ ತಂದಿಟ್ಟ ಎಣ್ಣೆ. ತೊಡೆಗೆ ತಾಗುವ ಚರ್ಮದ ಪಟ್ಟಿಯೊಳಗೆ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ. ಕಾಲುವೆಯಿಂದ ತಂದ ಕೆಂಪು ನೀರಿಗೆ ಪಟಿಕ ತಿರುವಿ, ಅದು ತಿಳಿಯಾಗುವಷ್ಟರಲ್ಲಿ ಹತ್ತು ರೊಟ್ಟಿ ಬಡಿದೆ. ಎರಡು ರೊಟ್ಟಿ ಸೀದವು. ಸೀದದ್ದನ್ನು ನನ್ನ ಪಾಲಿಗೆ ಬೇರೆ ಇಟ್ಟುಕೊಂಡು ಬುತ್ತಿ ಕಟ್ಟಿದೆ. ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಪಕ್ಕದ ಹೊಲದವರು ನಮ್ಮನ್ನು ಡಾಂಬರು ರಸ್ತೆಗೆ ಮುಟ್ಟಿಸಲು ಬಂದಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮನೆ ಇದ್ದದ್ದು ಗೊರೇಬಾಳದ ಕಡೆಯ ಗದ್ದೆಗಳ ನಡುವೆ. ರಸ್ತೆಗೆ ಬರಲು ಎರಡು ಮೈಲಿ ಎರೆಮಣ್ಣಿನ ದಾರಿ. ಕಾಲುವೆಗೆ ನೀರು ಬಿಟ್ಟು, ಮೇಲೆ ಮಳೆಯೂ ಬಿದ್ದರೆ ಆ ದಾರಿಯಲ್ಲಿ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಸಾಗುತ್ತಿರಲಿಲ್ಲ. ನಮ್ಮದು ಹಳೆಯ ಮೋಟರ್ ಸೈಕಲ್ಲು. ಹಸಿ ದಿನಗಳಲ್ಲಿ ಪಕ್ಕದ ಹೊಲದವರ ಟ್ರ್ಯಾಕ್ಟರೇ ಗತಿ. ಒಂದು ದಿನವೂ ಅವರು ಇಲ್ಲ ಎಂದವರಲ್ಲ.

ಮಗಳಿಗೆ ಆಗ ಏಳು ವರ್ಷ. ಎರಡು ತುಂಬುವ ಮೊದಲೇ ಪೋಲಿಯೊ ಅವಳ ಬಲಗಾಲನ್ನು ಹಿಡಿದಿತ್ತು. ಸೋಮವಾರ, ಗುರುವಾರ ಲಿಂಗಸುಗೂರಿನ ಒಬ್ಬ ಡಾಕ್ಟರಮ್ಮನ ಬಳಿ ಅವಳ ಕಾಲಿಗೆ ವ್ಯಾಯಾಮ. ಟ್ರ್ಯಾಕ್ಟರ್ ಇಳಿದು, ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ ಹೋಗುವಷ್ಟರಲ್ಲಿ ಅವಳನ್ನು ಹೊತ್ತ ನನ್ನ ಎಡಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅರ್ಧಕ್ಕರ್ಧ ದಿನ ಹೋಗಲಾಗಲಿಲ್ಲ. ಪಾದ ಬಿಗಿದುಕೊಂಡಿತು. ಡಾಕ್ಟರಮ್ಮ ಗದರಲಿಲ್ಲ. ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೇ, "ಈ ಮಳಿಗಾಲ ಒಂದು ದಿನಾನೂ ತಪ್ಪಿಸಬ್ಯಾಡ್ರಿ. ತಪ್ಪಲಿಲ್ಲಂದ್ರ ಮುಂದಿನ ವರ್ಷ ಮೊಣಕಾಲು ಮಡಚೋ ಪಟ್ಟಿ ಹಾಕೋಣು. ತಪ್ಪಿದ್ರ ಆಪರೇಶನ್ನ ಆಗತೈತಿ" ಎಂದರು.

ಅದಕ್ಕೇ ಗಾಡಿಯ ಮಾತು ಬಂದದ್ದು. ಹೊಸದು ನಮ್ಮ ಕೈಗೆ ಎಟಕುವಂತಿರಲಿಲ್ಲ. ಓಡಿಸುವವಳು ನಾನೇ. ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ರಜೆಗೆ ಬಂದವಳಿಗೆ ಅಪ್ಪ ಕಾರು ಕಲಿಸಿದ್ದರು. ಮದುವೆಯಾದ ಮೇಲೆ ಆ ವಿದ್ಯೆ ಟ್ರಂಕಿನಲ್ಲಿಟ್ಟ ಸರ್ಟಿಫಿಕೇಟುಗಳ ಜೊತೆ ಮಲಗಿತ್ತು. ಯಜಮಾನರು ಮುಕ್ಕುಂದದ ಒಬ್ಬ ದಲ್ಲಾಳಿಯನ್ನು ಹಿಡಿದರು. ಆತ ಇಪ್ಪತ್ತು ವರ್ಷ ಎತ್ತಿನ ವ್ಯಾಪಾರ ಮಾಡಿ, ಟ್ರ್ಯಾಕ್ಟರ್ ಬಂದ ಮೇಲೆ ಗಾಡಿಗಳ ವ್ಯಾಪಾರಕ್ಕೆ ಇಳಿದವನು. ನೋಡಬೇಕಾದ ಗಾಡಿಗಳು ಎರಡು, ಒಂದು ಲಿಂಗಸುಗೂರಿನಲ್ಲಿ, ಇನ್ನೊಂದು ಮಸ್ಕಿಯಲ್ಲಿ.

ಲಿಂಗಸುಗೂರಿನದು ಕೆಂಪು ಬಣ್ಣದ ಸಣ್ಣ ಕಾರು. ನಿಜ ಹೇಳಬೇಕೆಂದರೆ, ಮನೆಯಿಂದ ಹೊರಡುವಾಗಲೇ ನನ್ನ ಮನಸ್ಸು ಅದರ ಮೇಲಿತ್ತು. ಕಾರು ತಗ್ಗಾಗಿದೆ, ಮಗಳನ್ನು ಎತ್ತಿ ಹತ್ತಿಸುವುದು ತಪ್ಪುತ್ತದೆ ಎಂದುಕೊಂಡಿದ್ದೆ. ಸೀಟಿಗೆ ಹೂವಿನ ಬಟ್ಟೆ, ಒಳಗೆಲ್ಲ ಊದಿನಕಡ್ಡಿಯ ಹಳೆಯ ವಾಸನೆ. ದಲ್ಲಾಳಿ ಅದರ ಸುತ್ತ ಒಂದು ಸುತ್ತು ಹಾಕಿ ಬೆನ್ನು ತಟ್ಟಿದ.

"ಇದು ಮುದ್ದಿನ ಕರುವಿದ್ದಂಗ ಐತ್ರಿ ಸಾವ್ಕಾರ್ರ. ಆದ್ರ ನಿಮ್ಮ ಹೊಲದ ದಾರ್ಯಾಗ ಇಳದ್ರ ಅಲ್ಲೇ ಮಕ್ಕೊಂತೈತಿ."

"ದಿನಾ ಹೊಡ್ಯಾಕಿ ಆಕಿ. ಆಕಿನ್ನ ಕೇಳು," ಎಂದರು ಯಜಮಾನರು, ಎಂಜಿನ್ನಿನೊಳಗಿನಿಂದ ತಲೆ ಎತ್ತದೆ.

ಅವರೆಲ್ಲ ಮುಂದೆ ಇದ್ದಾಗ ನಾನು ಹಿಂದಿನ ಸೀಟಿಗೆ ಮಗಳನ್ನು ಕೂಡಿಸಲು ನೋಡಿದೆ. ಅವಳ ಪಟ್ಟಿ ಮೊಣಕಾಲಲ್ಲಿ ಮಡಚುವುದಿಲ್ಲ, ಕಾಲು ಕೋಲಿನಂತೆ ನೇರ. ತಗ್ಗಿನ ಬಾಗಿಲಿನಲ್ಲಿ ಅದು ಯಾವ ಕಡೆ ತಿರುಗಿಸಿದರೂ ಒಳಗೆ ಹೋಗಲೊಲ್ಲದು. ಓರೆ ಮಾಡಿ ಹೇಗೋ ತುರುಕಿದೆ. ಬೂಟು ಬಾಗಿಲಿಗೆ ಆತುಕೊಂಡಿತು.

"ಅವ್ವಾ, ಬಾಗಲಾ ಹಾಕಿದ್ರ ನೋಯತೈತಿ," ಎಂದಳು ಮೆಲ್ಲಗೆ. ಯಾರಿಗೂ ಕೇಳಬಾರದು ಎಂಬಂಥ ದನಿ.

ಅವಳನ್ನು ಇಳಿಸಿ, ಫ್ರಾಕು ಸರಿಮಾಡಿ, ಗಂಡಸರ ಬಳಿ ಹೋದೆ. ಅವಳು ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೆದುರು, ಇವಳ ಕಾಲಿಗಾಗಿ ಕಾರು ಬೇಡ ಎನ್ನಲು ಬಾಯಿ ಬರಲಿಲ್ಲ.

"ನನಗ ಆ ಕೆಂಪು ಬಣ್ಣ ಮನಸಿಗೆ ಬರವಲ್ತು," ಎಂದೆ.

"ನೋಡ್ರಿ ಮತ್ತ! ಅಕ್ಕಾರ ಸೀರಿ ತಗೊಳ್ಳಾಕ ಬಂದಾರ," ಎಂದು ದಲ್ಲಾಳಿ ನಕ್ಕ. ಯಜಮಾನರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಮಸ್ಕಿಗೆ ಬಸ್ಸಿನಲ್ಲಿ ನಿಂತೇ ಬಂದೆವು. ಗಾಡಿ ಇದ್ದದ್ದು ಒಬ್ಬ ವಯಸ್ಸಾದ ಕಂತ್ರಾಟುದಾರರ ಅಂಗಳದಲ್ಲಿ. ಕಾಲುವೆ ಕೆಲಸ ನಿಂತ ಮೇಲೆ ಅದು ಅವರಿಗೆ ಬೇಡವಾಗಿತ್ತು. ಜೀಪಿಗಿಂತ ಚಿಕ್ಕದು, ಕಾರಿಗಿಂತ ಎತ್ತರ, ಬಣ್ಣ ಒಣಗಿದ ಪಾಚಿಯದು. ಗೇರಿನ ಪಕ್ಕದಲ್ಲಿ ಇನ್ನೊಂದು ಮೋಟು ಕಡ್ಡಿ. ಅದನ್ನು ಎಳೆದರೆ ನಾಲ್ಕೂ ಗಾಲಿಗಳು ಜಗ್ಗುತ್ತವೆ ಎಂದರು. ದಲ್ಲಾಳಿಯ ಮುಖವೇ ಬದಲಾಯಿತು. ಎತ್ತಿನ ಮೈ ಸವರುವ ಹಾಗೆ ಅದರ ಪಕ್ಕೆಯ ಮೇಲೆ ಅಂಗೈ ಎಳೆದ. ಟೈರಿನ ಗೆರೆಗಳಿಗೆ ಉಗುರು ಒತ್ತಿ, "ಇನ್ನೂ ಆರು ಹಲ್ಲಿಂದ ಐತಿ, ಮುದೇದಲ್ಲ" ಎಂದ. ಬಾನೆಟ್ಟಿನ ಮೇಲಿನ ಸಣ್ಣ ತಗ್ಗೊಂದನ್ನು ಎತ್ತಿನ ಹಣೆಯ ಸುಳಿಯೇನೋ ಎಂಬಂತೆ ಹತ್ತಿರದಿಂದ ನೋಡಿ, ಸುಳಿ ಕೆಟ್ಟ ಜಾಗದಲ್ಲಿಲ್ಲ ಎಂದು ತಲೆಯಾಡಿಸಿದ. ಚೇಷ್ಟೆಯೋ ನಿಜವೋ ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕ್ಲಚ್ಚಿನ ರಬ್ಬರು ಒಂದೇ ಮಗ್ಗುಲು ಸವೆದಿತ್ತು. ಕಿಟಕಿಯ ಸಂದಿಯಲ್ಲಿ ಭತ್ತದ ಹೊಟ್ಟು. ಹಿಂದಿನ ಚಾಪೆ ಎತ್ತಿದರೆ ಕೆಳಗೆ ನಾಲ್ಕು ಭತ್ತದ ಕಾಳು ಬಿಳಿಯ ಬೇರು ಬಿಟ್ಟು ಮಲಗಿದ್ದವು.

"ಬೀಜ ಹೇರಿದ್ರೇನ್ರಿ?" ಎಂದು ಕೇಳಿದೆ.

ಕಂತ್ರಾಟುದಾರರು ನನ್ನನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. "ಹೌದ್ರೆವಾ. ಹೋದ ವಾರ ಮೊಳಕಿ ಕಟ್ಟಿದ ಬೀಜ ಒಯ್ದಿದ್ದೆ, ಚೀಲ ಒಡೀತು. ಸುಳ್ಳ್ಯಾಕ ಹೇಳ್ಲಿ," ಎಂದರು.

ಆಗಲೇ ಮಗಳು ಹಿಂದಿನ ಬಾಗಿಲಿಗೆ ಹೋಗಿದ್ದಳು. ಕೂಲಿಯವರು ಹತ್ತಲೆಂದು ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆದಿದ್ದರು, ಬಾಗಿಲ ಮಗ್ಗುಲಿಗೆ ಒಂದು ಹಿಡಿಕೆ. ಅವಳು ಒಳ್ಳೆಯ ಕಾಲು ಮೆಟ್ಟಿಲಿಗೆ ಕೊಟ್ಟು, ಹಿಡಿಕೆ ಹಿಡಿದು, ಬೆನ್ನು ತಿರುಗಿಸಿ ಅಂಚಿನ ಮೇಲೆ ಕೂತಳು. ನಮ್ಮ ಮನೆಯ ಕಟ್ಟೆಯ ಮೇಲೆ ಕೂರುವುದೂ ಹೀಗೆಯೇ. ಆಮೇಲೆ ಕೈ ಊರಿ ಹಿಂದಕ್ಕೆ ಜರುಗಿದಳು. ನೇರ ಕಾಲು ನೇರವಾಗಿಯೇ ಒಳಗೆ ಬಂತು.

"ಅವ್ವಾ, ನಾನ ಹತ್ತಿದೆ ನೋಡು!"

ಏಳು ವರ್ಷದಲ್ಲಿ ಅವಳು ಒಂದು ವಾಹನವನ್ನು ತಾನಾಗಿ ಹತ್ತಿದ್ದು ಅದೇ ಮೊದಲು. ಯಜಮಾನರು ಬಾನೆಟ್ಟಿನೊಳಗೆ ಬಾಗಿದ್ದರು, ದಲ್ಲಾಳಿ ಗಾಡಿಯ ಕೆಳಗೆ. ನೋಡಿದವಳು ನಾನೊಬ್ಬಳೇ.

"ಇದ ಇರಲಿ," ಎಂದೆ. ಬಣ್ಣ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ಆದರೆ ದಲ್ಲಾಳಿ ಒಪ್ಪಲಿಲ್ಲ. ಎರೆಮಣ್ಣಿಗೆ ಇಳಿಸದೆ ಮಾತು ಮುಗಿಸುವುದು ಅವನ ಪದ್ಧತಿಯಲ್ಲ. ಕೊನೆಗೆ ಕಂತ್ರಾಟುದಾರರೂ ಗಾಡಿ ಹತ್ತಿದರು. ಸಿಂಧನೂರಿನವರೆಗೆ ಯಜಮಾನರು ಓಡಿಸಿದರು. ನಾವು ಬೆಳಗ್ಗೆ ಹೋಗಿದ್ದಂಥದೇ ಬಸ್ಸೊಂದನ್ನು ಹಿಂದೆ ಹಾಕಿದಾಗ, "ಹೆಂಗ ಓಡತೈತಿ ನೋಡು!" ಎಂದು ಹಿಂತಿರುಗಿ ನಕ್ಕರು. ಆ ನಗು ನೋಡಿ ಬಹಳ ದಿನವಾಗಿತ್ತು. ಸಿಂಧನೂರು ದಾಟಿದ ಮೇಲೆ ಸೀರೆಯ ನಿರಿಗೆ ಸಿಕ್ಕಿಸಿಕೊಂಡು ನಾನು ಕೂತೆ. ಸ್ಟೇರಿಂಗು ಭಾರ, ಭುಜ ನೋಯುತ್ತಿತ್ತು. ಆದರೂ ಸೊಂಟದ ನೋವಿಗಿಂತ ಇದು ಮೇಲು.

ನಮ್ಮ ಹೊಲದ ದಾರಿಗೆ ತಿರುಗಿದರೆ, ಕಾಲುವೆಯ ಹತ್ತಿರ ಪಕ್ಕದ ಹೊಲದವರ ಟ್ರ್ಯಾಕ್ಟರೇ ಹುಗಿದು ನಿಂತಿತ್ತು. ಬೆಳಗ್ಗೆ ನಮ್ಮನ್ನು ಬಿಟ್ಟು ವಾಪಸಾಗುವಾಗ ಆದದ್ದು. ನಾಟಿಯ ಹೆಣ್ಣುಮಕ್ಕಳು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು, ಹತ್ತಿಪ್ಪತ್ತು ಜನ ಬದುವಿನ ಮೇಲಿದ್ದರು. ದಲ್ಲಾಳಿಗೆ ಹಬ್ಬವಾಯಿತು.

"ಕಟ್ರಿ ಸರಪಳಿ! ಇದರ ಎದಿ ಎಷ್ಟೈತಿ ನೋಡೂನು!"

"ಮಂದಿ ಮುಂದ ಯಾಕ್ರಿ?" ಎಂದೆ ಯಜಮಾನರ ಬಳಿ ಮೆಲ್ಲಗೆ. ಯಾಕೆ ಹಾಗೆಂದೆನೋ ನನಗೇ ಸ್ಪಷ್ಟವಿರಲಿಲ್ಲ.

ದಲ್ಲಾಳಿಯ ಕಿವಿಗೆ ಬಿತ್ತು. "ಅಕ್ಕಾರ, ಎತ್ತು ಕೊಳ್ಳಾಗ ನಾಲ್ಕು ಮಂದಿ ಮುಂದನ ಕೆಸರಾಗ ಹೊಡೀತೀವಿ. ನಾಳೆ ಮಾರಿದವ್ರೂ ಮಾತು ತಿರುಗಸಾಂಗಿಲ್ಲ, ಕೊಂಡವ್ರೂ ತಿರುಗಸಾಂಗಿಲ್ಲ. ಇವ್ರೆಲ್ಲಾ ಸಾಕ್ಷಿ," ಎಂದ.

ನಾನೂ ಮಗಳೂ ಇಳಿದು ಬದುವಿನ ಮೇಲೆ ನಿಂತೆವು. ಯಜಮಾನರು ನನ್ನ ಜಾಗದಲ್ಲಿ ಕೂತು ಮೋಟು ಕಡ್ಡಿ ಎಳೆದರು. ನಾಲ್ಕೂ ಗಾಲಿಗಳು ನಾಲ್ಕು ಕಡೆ ಕೆಸರು ಕೆದರಿದವು. ಸರಪಳಿ ಬಿಗಿಯಿತು. ಗಾಡಿ ಮೊಣಕಾಲೂರಿದಂತೆ ಒಂದಿಷ್ಟು ತಗ್ಗಿ, ಮತ್ತೆ ಎದ್ದು, ಒಂದೊಂದೇ ಗೇಣು ಮುಂದೆ ಸರಿಯಿತು. ಅದರ ಹಿಂದೆ ಟ್ರ್ಯಾಕ್ಟರು. ಜನ ಸೀಟಿ ಹೊಡೆದರು. ನಾಟಿಯವಳೊಬ್ಬಳು, "ಏ ಯವ್ವಾ, ಆಡಿನಮರಿ ಕೋಣನ್ನ ಎಳೀತಲ್ಲೇ!" ಎಂದು ಕೂಗಿದಳು. ಮಗಳು ಚಪ್ಪಾಳೆ ತಟ್ಟಿದಳು.

ಅಲ್ಲೇ ದಲ್ಲಾಳಿ ಹೆಗಲ ಮೇಲಿನ ಟವೆಲ್ಲು ಬಿಡಿಸಿದ. ಅದರ ಕೆಳಗೆ ಯಜಮಾನರ ಕೈಯೂ ಕಂತ್ರಾಟುದಾರರ ಕೈಯೂ ಬೆರಳು ಹಿಡಿದು ಬೆಲೆ ಮಾತಾಡಿಕೊಂಡವು. ಎಂಥ ಮಾತಾಯಿತೋ, ಎರಡೂ ಮುಖಗಳಲ್ಲಿ ಏನೂ ಕಾಣಲಿಲ್ಲ. ಟವೆಲ್ಲು ಸರಿದಾಗ ಗಾಡಿ ನಮ್ಮದಾಗಿತ್ತು.

ಸಂಜೆ ನಿಂಬೆಹಣ್ಣು, ಕುಂಕುಮ ಎಲ್ಲ ಮುಗಿದ ಮೇಲೆ ನಾನು ಹಿಂದಿನ ಮೆಟ್ಟಿಲನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆ. ಚಾಪೆ ತೆಗೆದು, ಹಳೆಯ ಕೌದಿ ಮಡಿಸಿ ಹಾಸಿದೆ. ಮೊಳಕೆಯೊಡೆದ ಕಾಳುಗಳನ್ನು ಮಗಳು ಎಸೆಯಗೊಡಲಿಲ್ಲ. ನೀರಿನ ತೊಟ್ಟಿಯ ಪಕ್ಕ ನೆಟ್ಟಳು. ನಾಳೆ ಸೋಮವಾರ. ಯಾರ ದಾರಿಯನ್ನೂ ಕಾಯದೆ ಎಂಟಕ್ಕೆ ಹೊರಟರೆ ಊಟದ ಹೊತ್ತಿಗೆ ಮನೆ. ಮಧ್ಯಾಹ್ನ ಒಂದು ಗಂಟೆ ಮಲಗಬಹುದು. ಅಷ್ಟೇ ಆಸೆಯಿಂದ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಸೀದ ರೊಟ್ಟಿ ಬೆಳಗ್ಗೆಯಿಂದ ಹಾಗೇ ಇತ್ತು, ಮುರಿದು ಬಾಯಿಗೆ ಹಾಕಿಕೊಂಡೆ.

ಪಕ್ಕದ ಹೊಲದವರು ಅತ್ತ ಬಂದರು. ಹೆಗಲ ಮೇಲೆ ಅದೇ ಸರಪಳಿ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದು ನೋಡಿದರು. ಮಗಳ ಗಲ್ಲ ಹಿಂಡಿದರು. ಚಹಾ ಮಾಡಲೇ ಎಂದೆ, ಬೇಡವೆಂದರು. ಸರಪಳಿಯನ್ನು ಮನೆಗೆ ಒಯ್ಯದೆ, ನಾನು ಹಾಸಿದ ಕೌದಿಯ ಮೇಲೆಯೇ ಇಳಿಸಿ, ಬೀಡಿ ಹಚ್ಚಿಕೊಳ್ಳುತ್ತ ಅಂದರು:

"ನಾಳೆ ಮುಂಜಾಲೆ ಈ ಗಾಡೀನ ಮುಕ್ಕುಂದಕ್ಕ ಒಯ್ತೀನ್ರಿ ಅಕ್ಕಾರ. ನಮ್ಮ ಬೀಗರ ಟ್ರ್ಯಾಕ್ಟರ್ ಹುಗದೈತಂತ. ಹೆಂಗೂ ನಿಮ್ಮ ಅಂಗಳದಾಗ ಸುಮ್ಮ ನಿಂತಿರತೈತಲ್ಲ."